ಆಘಾತದ ನೆನಪಿಗೆ ಗಾಂಜಾ ಮದ್ದೇ? ಗಾಜುವಾಕದಿಂದ ಒಂದು ಲೆಕ್ಕಾಚಾರ

ಗಾಜುವಾಕ: ಹೊರದೇಶಗಳಲ್ಲಿ ಗಾಂಜಾವನ್ನು ಔಷಧವಾಗಿ ಬಳಸುತ್ತಿರುವ ಸುದ್ದಿ ನಮ್ಮ ಕನ್ನಡ ಸಂಘದ ಸಭೆ ಮುಗಿದ ಮೇಲಿನ ಕಾಫಿ ಮಾತಿಗೂ ಬಂದು ಮುಟ್ಟಿದೆ. ಕೆನಡಾದಲ್ಲಿರುವ ಮಗ ಹೇಳಿದನಂತೆ, ಅಮೆರಿಕದಿಂದ ಬರುವಾಗ ಸೊಸೆ ತರುತ್ತಾಳಂತೆ, ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಮನೆ ಬಾಗಿಲಿಗೇ ಬರುತ್ತದಂತೆ ಎಂಬ ಅಂತೆಕಂತೆಗಳ ನಡುವೆ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಹಳೆಯ ಅಪಘಾತದ ಕೆಟ್ಟ ಕನಸಿನಿಂದ ವರ್ಷಗಟ್ಟಲೆ ನಿದ್ದೆಗೆಟ್ಟವರಿಗೆ ಗಾಂಜಾ ಎಣ್ಣೆಯ ಎರಡು ಹನಿ ನಾಲಿಗೆಯ ಕೆಳಗೆ ಬಿದ್ದರೆ ಸಾಕು, ನಿದ್ದೆ ಬರುತ್ತದೆ ಎಂಬುದೇ ಆ ಮಾತು.

ಇದು ನಿಜವೇ? ಕಾನೂನು ಇದನ್ನು ಒಪ್ಪುತ್ತದೆಯೇ? ಒಪ್ಪಿದರೂ ನಮ್ಮ ಮನೆಯ ಹಿರಿಯರಿಗೆ ಇದನ್ನು ಕೊಡಬಹುದೇ? ಈ ಮೂರು ಪ್ರಶ್ನೆಗಳನ್ನು ನಗೆಯಾಡಿ ಬಿಡುವಂತಿಲ್ಲ. ಏಕೆಂದರೆ ಕೇಳುತ್ತಿರುವವರು ಮೋಜಿಗಾಗಿ ಕೇಳುತ್ತಿಲ್ಲ, ನೋವಿನಿಂದ ಕೇಳುತ್ತಿದ್ದಾರೆ.

ನಮ್ಮೂರಿಗೆ ಈ ಪ್ರಶ್ನೆ ಹತ್ತಿರ ಏಕೆ?

ವಿಶಾಖಪಟ್ಟಣದ ಕೈಗಾರಿಕಾ ಪಟ್ಟಿಯಲ್ಲಿ ಬದುಕುವವರಿಗೆ ಆಘಾತ ಎಂಬುದು ಪುಸ್ತಕದ ಪದವಲ್ಲ. 1997ರ ಸೆಪ್ಟೆಂಬರ್ 14ರಂದು ಹಿಂದೂಸ್ತಾನ್ ಪೆಟ್ರೋಲಿಯಂ ಶುದ್ಧೀಕರಣ ಘಟಕದಲ್ಲಿ ಅನಿಲ ಸೋರಿ ಹೊತ್ತಿಕೊಂಡ ಬೆಂಕಿಗೆ ಸುಮಾರು 60 ಮಂದಿ ಬಲಿಯಾದರು. ಅಂದು ಮನೆಗೆ ಬೀಗ ಹಾಕುವುದನ್ನೂ ಮರೆತು ಓಡಿದ ಕುಟುಂಬಗಳು ಮಲ್ಕಾಪುರದಲ್ಲೂ ಗಾಜುವಾಕದಲ್ಲೂ ಇವತ್ತಿಗೂ ಇವೆ. 2012ರ ಜೂನ್ 13ರಂದು ಉಕ್ಕು ಕಾರ್ಖಾನೆಯ ಆಮ್ಲಜನಕ ಘಟಕದಲ್ಲಿ ನಡೆದ ಸ್ಫೋಟದಲ್ಲಿ 19 ಮಂದಿ ಪ್ರಾಣ ಕಳೆದುಕೊಂಡರು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಊರಿನ ಮೇಲೆಯೇ ಹಾದುಹೋಯಿತು. 2020ರ ಮೇ 7ರ ನಸುಕಿನಲ್ಲಿ ಆರ್.ಆರ್. ವೆಂಕಟಾಪುರದ ಎಲ್‌ಜಿ ಪಾಲಿಮರ್ಸ್‌ನಿಂದ ಸ್ಟೈರೀನ್ ಅನಿಲ ಸೋರಿ 12 ಮಂದಿ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಅದೇ ವರ್ಷ ಆಗಸ್ಟ್ 1ರಂದು ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿ ಕ್ರೇನ್ ಕುಸಿದು 11 ಮಂದಿ ಮಡಿದರು. 2024ರ ಆಗಸ್ಟ್ 21ರಂದು ಪಕ್ಕದ ಅಚ್ಯುತಾಪುರದ ಔಷಧ ಕಾರ್ಖಾನೆಯ ಸ್ಫೋಟದಲ್ಲಿ 17 ಮಂದಿ ಹೋದರು.

ಸತ್ತವರ ಸಂಖ್ಯೆ ಪತ್ರಿಕೆಯಲ್ಲಿ ಬರುತ್ತದೆ. ಪಕ್ಕದಲ್ಲೇ ನಿಂತಿದ್ದು ಬದುಕಿದವರು ಎಷ್ಟು ಎಂಬುದು ಬರುವುದಿಲ್ಲ. ಸುಟ್ಟ ಜೊತೆಗಾರನನ್ನು ಹೊತ್ತು ತಂದವರು, ಹೆಣ ಗುರುತಿಸಲು ಹೋದವರು, ನಸುಕಿನಲ್ಲಿ ಮಕ್ಕಳನ್ನು ಎತ್ತಿಕೊಂಡು ಓಡಿದ ತಾಯಂದಿರು ಯಾವ ಪಟ್ಟಿಯಲ್ಲೂ ಇಲ್ಲ. ಉಕ್ಕು ಕಾರ್ಖಾನೆ, ನೌಕಾಪಡೆ, ಬ್ಯಾಂಕು, ಹೋಟೆಲು ಎಂದು ನಾನಾ ಕಾರಣಕ್ಕೆ ಇಲ್ಲಿಗೆ ಬಂದು ನೆಲೆಸಿದ ನಮ್ಮ ಕನ್ನಡಿಗರಲ್ಲೂ ಇಂಥವರು ಇದ್ದಾರೆ. ನಿವೃತ್ತ ಸೈನಿಕರ ಮನೆಗಳೂ ಇವೆ.

ಕಾಯಿಲೆ ಯಾವುದು?

ವೈದ್ಯರು ಇದನ್ನು ಪಿಟಿಎಸ್‌ಡಿ ಎನ್ನುತ್ತಾರೆ. ಕನ್ನಡದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಎನ್ನಬಹುದು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಕಂಡ ಮೇಲೆ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಹೆಸರು ಸೇರಿತು. ಹೆಸರು ಹೊಸದು, ಕಾಯಿಲೆ ಹಳೆಯದು.

ಲಕ್ಷಣಗಳು ನಾಲ್ಕು ಗುಂಪಿನವು. ಮೊದಲನೆಯದು, ಬೇಡವೆಂದರೂ ಆ ಘಟನೆ ಕಣ್ಣ ಮುಂದೆ ಮರಳಿ ಮರಳಿ ಬರುವುದು, ಕನಸಿನಲ್ಲಿ ಕಾಡುವುದು. ಎರಡನೆಯದು, ಅದನ್ನು ನೆನಪಿಸುವ ಜಾಗ, ವಾಸನೆ, ಮಾತುಗಳಿಂದ ದೂರ ಸರಿಯುವುದು. ಮೂರನೆಯದು, ಯಾವುದರಲ್ಲೂ ರುಚಿ ಇಲ್ಲದಂತಾಗಿ, ಎಲ್ಲಕ್ಕೂ ತಾನೇ ಕಾರಣ ಎಂದುಕೊಳ್ಳುವುದು. ನಾಲ್ಕನೆಯದು, ಸದಾ ಎಚ್ಚರದಲ್ಲಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಸಿಡುಕುವುದು, ನಿದ್ದೆ ಬಾರದಿರುವುದು. ಆಘಾತವಾದ ಮೊದಲ ಕೆಲವು ವಾರ ಇವೆಲ್ಲ ಯಾರಿಗಾದರೂ ಸಹಜ. ತಿಂಗಳು ದಾಟಿಯೂ ಇಳಿಯದೆ, ಮನೆ ಮತ್ತು ಕೆಲಸ ಕೆಡತೊಡಗಿದರೆ ಅದು ಕಾಯಿಲೆ.

ನಮ್ಮ ಮನೆಗಳಲ್ಲಿ ಇದಕ್ಕೆ ಬೇರೆ ಹೆಸರುಗಳಿವೆ. ‘ಅವರಿಗೆ ಸಿಟ್ಟು ಜಾಸ್ತಿ’, ‘ಅಪಘಾತದ ನಂತರ ಕುಡಿತ ಹತ್ತಿತು’, ‘ಯಾರ ಮನೆ ಮದುವೆಗೂ ಬರುವುದಿಲ್ಲ, ಜಂಭ’. ಹೆಸರು ತಪ್ಪಾದರೆ ಮದ್ದೂ ತಪ್ಪುತ್ತದೆ.

ಗಾಂಜಾ ಏನು ಮಾಡುತ್ತದೆ?

ಮೊದಲು ಪರವಾದ ಮಾತನ್ನೇ ನೋಡೋಣ. 2009ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ ತನ್ನ ವೈದ್ಯಕೀಯ ಗಾಂಜಾ ಯೋಜನೆಯಲ್ಲಿ ಪಿಟಿಎಸ್‌ಡಿಯನ್ನು ಸೇರಿಸಿತು. ನಂತರ ಹಲವು ರಾಜ್ಯಗಳು ಅದನ್ನೇ ಅನುಸರಿಸಿದವು. ಇಸ್ರೇಲ್‌ನಲ್ಲೂ ಈ ಕಾಯಿಲೆಯವರಿಗೆ ಅನುಮತಿ ಇದೆ. 2015ರಲ್ಲಿ ಪ್ರಕಟವಾದ ಕೆನಡಾದ ಒಂದು ಸಣ್ಣ ಅಧ್ಯಯನದಲ್ಲಿ, ಗಾಂಜಾದ ಸತ್ವವನ್ನು ಹೋಲುವಂತೆ ಪ್ರಯೋಗಾಲಯದಲ್ಲಿ ತಯಾರಿಸಿದ ನ್ಯಾಬಿಲೋನ್ ಎಂಬ ಮಾತ್ರೆಯಿಂದ 10 ಮಂದಿ ಸೇನಾ ಸಿಬ್ಬಂದಿಯ ಕೆಟ್ಟ ಕನಸುಗಳು ಕಡಿಮೆಯಾದವು. ಆದ್ದರಿಂದ ‘ನನಗೆ ಇದರಿಂದ ನಿದ್ದೆ ಬರುತ್ತದೆ’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ ಎಂದು ಯಾರೂ ಹೇಳಬೇಕಾಗಿಲ್ಲ.

ಇನ್ನು ಲೆಕ್ಕದ ಇನ್ನೊಂದು ಬದಿ. 2020ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು, ಪಿಟಿಎಸ್‌ಡಿ ಇದೆ ಎಂದು ತಾವೇ ಹೇಳಿಕೊಂಡ 404 ಮಂದಿ ಗಾಂಜಾ ಬಳಕೆದಾರರು ಮೊಬೈಲಿನಲ್ಲಿ ಬರೆದಿಟ್ಟ ದಾಖಲೆಗಳನ್ನು ಪರಿಶೀಲಿಸಿದರು. ಸೇದಿದ ಸ್ವಲ್ಪ ಹೊತ್ತಿನಲ್ಲಿ ಅವರ ಕಳವಳ, ಸಿಡುಕು, ಕಾಡುವ ನೆನಪು ಎಲ್ಲವೂ ಅರ್ಧಕ್ಕಿಂತ ಹೆಚ್ಚು ಇಳಿದಿದ್ದವು. ಆದರೆ ತಿಂಗಳುಗಳು ಉರುಳಿದರೂ ಮೂಲ ಕಾಯಿಲೆ ಇದ್ದಲ್ಲೇ ಇತ್ತು. ಬಳಸುವ ಪ್ರಮಾಣ ಮಾತ್ರ ಏರುತ್ತಾ ಹೋಗಿತ್ತು.

ನಾನು ವೈದ್ಯನಲ್ಲ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. ನಮ್ಮ ಭಾಷೆಯಲ್ಲಿ ಇದಕ್ಕೆ ಓವರ್‌ಡ್ರಾಫ್ಟ್ ಎನ್ನುತ್ತೇವೆ. ಹಣ ಕೈಗೆ ಬರುವುದು ನಿಜ, ಅಂದಿನ ಗಂಜಿ ಬೇಯುವುದೂ ನಿಜ. ಆದರೆ ಅದು ಜಮೆಯಲ್ಲ, ಸಾಲ. ಕೆಲ ದಿನಕ್ಕೆ ಮಿತಿ ಸಾಲುವುದಿಲ್ಲ, ಏರಿಸಿ ಎಂದು ಅರ್ಜಿ ಬರುತ್ತದೆ. ಗಾಂಜಾದ ನಿದ್ದೆಯೂ ಹೀಗೆಯೇ. ಅದು ಕನಸು ಬೀಳುವ ಹಂತದ ನಿದ್ದೆಯನ್ನು ಅದುಮುತ್ತದೆ. ದಿನವೂ ಬಳಸುತ್ತಿದ್ದವರು ನಿಲ್ಲಿಸಿದರೆ ಅದುಮಿಟ್ಟ ಕನಸುಗಳು ಇನ್ನೂ ಜೋರಾಗಿ ಬರುತ್ತವೆ. ಅವನ್ನು ತಡೆಯಲು ಮತ್ತೆ ಬಾಟಲಿಗೆ ಕೈ ಹೋಗುತ್ತದೆ.

2021ರಲ್ಲಿ ಇನ್ನೂ ಮುಖ್ಯವಾದ ಫಲಿತಾಂಶ ಬಂತು. ಅಮೆರಿಕದಲ್ಲಿ ಸುಮಾರು 80 ಮಂದಿ ಮಾಜಿ ಸೈನಿಕರನ್ನು ಗುಂಪುಗಳಾಗಿ ಮಾಡಿ, ಕೆಲವರಿಗೆ ಬೇರೆ ಬೇರೆ ಬಗೆಯ ಗಾಂಜಾವನ್ನೂ ಉಳಿದವರಿಗೆ ಸತ್ವ ತೆಗೆದ ಹುಸಿ ಗಾಂಜಾವನ್ನೂ ಮೂರು ವಾರ ಕೊಟ್ಟು ನೋಡಿದರು. ಯಾರಿಗೆ ಯಾವುದು ಎಂದು ಹೇಳಲಿಲ್ಲ. ಎಲ್ಲ ಗುಂಪಿನವರಿಗೂ ಒಂದಿಷ್ಟು ಗುಣ ಕಂಡಿತು, ಹುಸಿ ಗಾಂಜಾ ಪಡೆದವರಿಗೂ ಸಹ! ಅಸಲಿಗೂ ಹುಸಿಗೂ ನಡುವೆ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಒಬ್ಬ ವೈದ್ಯ ಪ್ರತಿ ವಾರ ಎದುರು ಕುಳಿತು ‘ಹೇಗಿದ್ದೀರಿ’ ಎಂದು ಕೇಳುವುದೂ ಮದ್ದಿನ ಒಂದು ಭಾಗ ಎಂದು ಇದರಿಂದ ನಾವು ತಿಳಿಯಬಹುದು.

2023ರಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆ ಮತ್ತು ರಕ್ಷಣಾ ಇಲಾಖೆ ಜಂಟಿಯಾಗಿ ಹೊರತಂದ ಚಿಕಿತ್ಸಾ ಮಾರ್ಗಸೂಚಿ, ಪಿಟಿಎಸ್‌ಡಿಗೆ ಗಾಂಜಾ ಬಳಸಬಾರದು ಎಂದೇ ಸಲಹೆ ಮಾಡಿದೆ. ಗಾಂಜಾವನ್ನು ಅಂಗಡಿಯಲ್ಲಿ ಮಾರುವ ರಾಜ್ಯಗಳುಳ್ಳ ದೇಶದ ಸೈನಿಕ ವೈದ್ಯರೇ ಹೀಗೆ ಹೇಳಿರುವುದು ಗಮನಾರ್ಹ.

ಹಾಗೆಂದು ಗಾಂಜಾದಲ್ಲಿ ಔಷಧ ಗುಣವೇ ಇಲ್ಲ ಎನ್ನುವಂತಿಲ್ಲ. ಮಕ್ಕಳ ಕೆಲವು ಕಠಿಣ ಬಗೆಯ ಮೂರ್ಛೆರೋಗಕ್ಕೆ ಗಾಂಜಾ ಗಿಡದ ಸಿಬಿಡಿ ಎಂಬ ಸತ್ವದಿಂದ ತಯಾರಿಸಿದ ಔಷಧಕ್ಕೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೂ ಗಾಂಜಾ ಸತ್ವವನ್ನು ಹೋಲುವ ಮಾತ್ರೆಗಳಿವೆ. ಅಲ್ಲೆಲ್ಲ ಪರೀಕ್ಷೆ ನಡೆದಿದೆ, ಪ್ರಮಾಣ ಗೊತ್ತಿದೆ. ಒಂದು ಕಾಯಿಲೆಗೆ ಸಿಕ್ಕಿದ ರಸೀದಿಯನ್ನು ಇನ್ನೊಂದು ಕಾಯಿಲೆಯ ಖಾತೆಗೆ ಹಾಕಲಾಗದು.

ಬಾಟಲಿಯ ಮೇಲಿನ ಹೆಸರು

ಕಾನೂನಿನ ವಿಷಯದಲ್ಲಿ ನಮ್ಮವರಲ್ಲಿ ಬಹಳ ಗೊಂದಲವಿದೆ. ನಮ್ಮ ಶಾಖೆಗೆ ಬರುವ ನಿವೃತ್ತ ಕಾರ್ಮಿಕರೊಬ್ಬರಿದ್ದಾರೆ, ಮೂಲತಃ ಮಲೆನಾಡಿನವರು. ಶಟರ್ ಎಳೆಯುವ ಸದ್ದಾದರೆ ಕುರ್ಚಿಯಿಂದ ಎದ್ದು ಗೋಡೆಗೆ ಒರಗಿ ನಿಲ್ಲುತ್ತಾರೆ. ಒಮ್ಮೆ ಮೊಬೈಲಿನಲ್ಲಿ ಹಣ ಕಳಿಸಿಕೊಡಿ ಎಂದು ನನ್ನ ಬಳಿ ಬಂದರು. ಯಾವುದಕ್ಕೆ ಎಂದು ನೋಡಿದರೆ ‘ವಿಜಯಾ’ ಎಣ್ಣೆಯ ಬಾಟಲಿಗೆ. ‘ಇದು ಗಾಂಜಾ ಅಲ್ಲ ಸಾರ್, ಆಯುರ್ವೇದ’ ಎಂದರು. ‘ಡಾಕ್ಟರು ಕೊಟ್ಟ ಮಾತ್ರೆ?’ ಎಂದು ಕೇಳಿದೆ. ‘ಅದನ್ನು ಬಿಟ್ಟು ಎರಡು ತಿಂಗಳಾಯಿತು’ ಎಂದರು. ನನಗೆ ಭಯವಾದದ್ದು ಎಣ್ಣೆಯ ಹೆಸರು ಕೇಳಿ ಅಲ್ಲ, ಆ ಎರಡು ತಿಂಗಳ ಮಾತು ಕೇಳಿ.

ವಿಜಯಾ ಎಂದರೆ ಭಂಗಿ ಸೊಪ್ಪು, ಗಾಂಜಾ ಗಿಡದ ಎಲೆ. 1985ರ ಮಾದಕ ದ್ರವ್ಯ ಕಾಯ್ದೆ ಗಿಡದ ರಾಳವನ್ನು ಚರಸ್ ಎಂದೂ, ಹೂವಿನ ಅಥವಾ ಕಾಯಿಯ ತುದಿಯನ್ನು ಗಾಂಜಾ ಎಂದೂ ಕರೆದು ನಿಷೇಧಿಸುತ್ತದೆ. ತುದಿಯೊಂದಿಗೆ ಸೇರಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗಿವೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಪ್ರಕರಣವೊಂದರಲ್ಲಿ ಭಂಗಿ ಈ ಕಾಯ್ದೆಯಡಿ ನಿಷೇಧಿತ ವಸ್ತುವಲ್ಲ ಎಂದು ಹೇಳಿದ್ದೂ ಇದೇ ಕಾರಣಕ್ಕೆ. ಎಲೆಯಿಂದ ತಯಾರಿಸಿ, ಆಯುಷ್ ಪರವಾನಗಿ ಪಡೆದು ಮಾರುವ ಎಣ್ಣೆಗಳು ಈ ಬಾಗಿಲಿನಿಂದ ಬಂದಿವೆ. ಆದರೆ ಔಷಧ ನಿಯಮಾವಳಿಯ ಇ-1 ಪಟ್ಟಿಯಲ್ಲಿ ಭಂಗಿ ವಿಷವಸ್ತುಗಳ ಸಾಲಿನಲ್ಲಿದೆ. ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಆ ಬಾಟಲಿಯ ಮೇಲೇ ಇರಬೇಕು. ಪರವಾನಗಿ ಇದೆ ಎಂದರೆ ತಯಾರಿಸಿ ಮಾರಬಹುದು ಎಂದರ್ಥ. ಪಿಟಿಎಸ್‌ಡಿಯನ್ನು ಗುಣಪಡಿಸುತ್ತದೆ ಎಂದು ದೊಡ್ಡ ಪರೀಕ್ಷೆಯಲ್ಲಿ ಸಾಬೀತಾಗಿದೆ ಎಂದರ್ಥವಲ್ಲ.

ಇನ್ನೊಂದು ಗೊಂದಲವೂ ಇದೆ. 2021ರ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಗಾಂಜಾ ಗಿಡದ ಬೀಜ, ಬೀಜದ ಎಣ್ಣೆ ಮತ್ತು ಹಿಟ್ಟನ್ನು ಆಹಾರವಾಗಿ ಮಾರಲು ಅವಕಾಶ ಕೊಟ್ಟಿತು. ಬೀಜದ ಎಣ್ಣೆಯಲ್ಲಿ ಔಷಧದ ಸತ್ವ ಇಲ್ಲವೆನ್ನುವಷ್ಟು ಕಡಿಮೆ. ಅದು ಶೇಂಗಾ ಎಣ್ಣೆ, ಅಗಸೆ ಎಣ್ಣೆಯಂತೆ ಒಂದು ಎಣ್ಣೆ. ಅದನ್ನೇ ಗಾಂಜಾ ಔಷಧವೆಂದು ದುಬಾರಿ ಬೆಲೆ ಕೊಟ್ಟು ಕೊಳ್ಳುವವರಿದ್ದಾರೆ.

ಹೊರದೇಶದಿಂದ ಮಕ್ಕಳು ತರುವ ಎಣ್ಣೆ, ಮಿಠಾಯಿಗಳ ವಿಷಯದಲ್ಲಂತೂ ಕಟ್ಟುನಿಟ್ಟಾಗಿರಬೇಕು. ಅಲ್ಲಿ ಅಂಗಡಿಯಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಕಾನೂನು ಬದಲಾಗುವುದಿಲ್ಲ. ಹೂವಿನ ಸತ್ವ ಅದರಲ್ಲಿದ್ದರೆ ಅದು ಮಾದಕ ದ್ರವ್ಯ. ಇಲ್ಲಿ ಗಾಂಜಾ 1 ಕಿಲೋ ತನಕ ಇದ್ದರೆ ‘ಸಣ್ಣ ಪ್ರಮಾಣ’, ಆದರೂ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕಿಲೋ ಮೀರಿದರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ. ಪ್ರೀತಿಯಿಂದ ತಂದ ಪೊಟ್ಟಣದಿಂದ ಮಗನ ಪಾಸ್‌ಪೋರ್ಟಿಗೆ ಕಳಂಕ ಬರುವುದು ಬೇಡ.

ಬೆಟ್ಟದ ಆಚೆ, ಬೆಟ್ಟದ ಈಚೆ

ಗಾಜುವಾಕದಲ್ಲಿ ಕುಳಿತು ಗಾಂಜಾದ ಮಾತಾಡುವಾಗ ಮನ್ಯಂ ಬೆಟ್ಟಗಳನ್ನು ಮರೆಯಲಾಗದು. ಚಿಂತಪಲ್ಲಿ, ಪಾಡೇರು, ಜಿ. ಮಾಡುಗುಲ, ಪೆದಬಯಲು, ಮುಂಚಿಂಗಿಪುಟ್ಟು ಮಂಡಲಗಳು 2022ರ ಏಪ್ರಿಲ್ ತನಕ ವಿಶಾಖಪಟ್ಟಣ ಜಿಲ್ಲೆಯಲ್ಲೇ ಇದ್ದವು, ಈಗ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿವೆ. ಅಲ್ಲಿನ ‘ಶೀಲಾವತಿ’ ತಳಿಯ ಗಾಂಜಾ ಬೆಂಗಳೂರಿಗೂ ಕೇರಳಕ್ಕೂ ಹೋಗುತ್ತಿದ್ದುದು ಪೊಲೀಸ್ ದಾಖಲೆಗಳಲ್ಲಿ ಬಂದಿರುವ ವಿಷಯ. 2021ರ ಕೊನೆಯಲ್ಲಿ ಆಂಧ್ರ ಪೊಲೀಸರು ‘ಆಪರೇಷನ್ ಪರಿವರ್ತನ’ ಹೆಸರಿನಲ್ಲಿ 7,000 ಎಕರೆಗೂ ಹೆಚ್ಚು ಬೆಳೆ ನಾಶ ಮಾಡಿದರು. 2022ರ ಫೆಬ್ರವರಿ 12ರಂದು ಅನಕಾಪಲ್ಲಿ ಬಳಿಯ ಕೋಡೂರಿನಲ್ಲಿ 2 ಲಕ್ಷ ಕಿಲೋ ಗಾಂಜಾವನ್ನು ರಾಶಿ ಹಾಕಿ ಸುಟ್ಟರು. 2024ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ‘ಈಗಲ್’ ಎಂಬ ಪ್ರತ್ಯೇಕ ಪಡೆಯನ್ನೇ ಕಟ್ಟಿತು.

ಈ ವ್ಯಾಪಾರದಲ್ಲಿ ಲಾಭ ದೂರದ ಊರಿನವರದು, ಜೈಲು ಮೂಟೆ ಹೊತ್ತ ಹುಡುಗನದು. ‘ಔಷಧಕ್ಕೆ ತಾನೆ’ ಎಂದು ರಸ್ತೆಯ ಗಾಂಜಾ ಕೊಳ್ಳುವವರು ಈ ಸರಪಳಿಗೆ ಒಂದು ಕೊಂಡಿ ಸೇರಿಸುತ್ತಾರೆ. ಅದೂ ಅಲ್ಲದೆ ಅದರಲ್ಲಿ ಸತ್ವ ಎಷ್ಟು, ಬೆರಕೆ ಏನು ಎಂದು ಹೇಳುವವರು ಯಾರೂ ಇಲ್ಲ. ವಯಸ್ಸಾದವರಿಗೆ ಎದೆಬಡಿತ ಏರುವ, ಮನೆಯಲ್ಲಿ ಮಾನಸಿಕ ಕಾಯಿಲೆಯ ಹಿನ್ನೆಲೆ ಇರುವವರಿಗೆ ಭ್ರಮೆ ಕಾಣಿಸುವ ಅಪಾಯವಿದೆ. ಸಿಬಿಡಿ ಸತ್ವ ರಕ್ತ ತೆಳುಮಾಡುವ ವಾರ್ಫರಿನ್‌ನಂಥ ಮಾತ್ರೆಗಳ ಪರಿಣಾಮವನ್ನೂ ಏರುಪೇರು ಮಾಡುತ್ತದೆ.

ಸಂಶೋಧನೆಗೆ ಬಾಗಿಲು ಮುಚ್ಚಬೇಕೇ? ಖಂಡಿತ ಬೇಡ. ನಮ್ಮ ದೇಶ ಈ ಪ್ರಶ್ನೆಯನ್ನು ಕೇಳುತ್ತಿರುವುದು ಇದೇ ಮೊದಲಲ್ಲ. ಬ್ರಿಟಿಷರ ಕಾಲದಲ್ಲಿ 1893ರಲ್ಲಿ ನೇಮಕವಾದ ಆಯೋಗವೊಂದು ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಮಿತ ಬಳಕೆಯಿಂದ ದೊಡ್ಡ ಹಾನಿಯಿಲ್ಲ, ಅತಿ ಬಳಕೆಯಿಂದ ಹಾನಿ ಎಂದು ಬರೆಯಿತು. ಅಂದಿನ ಹುಚ್ಚಾಸ್ಪತ್ರೆಗಳ ದಫ್ತರಿನಲ್ಲಿ ಕಾರಣ ತಿಳಿಯದಿದ್ದಾಗಲೆಲ್ಲ ‘ಗಾಂಜಾ’ ಎಂದು ಬರೆದುಬಿಡುತ್ತಿದ್ದರು ಎಂಬುದನ್ನೂ ಪತ್ತೆಹಚ್ಚಿತು. 1985ರ ಕಾಯ್ದೆ ಕೂಡ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ದಾರಿ ಬಿಟ್ಟಿದೆ. 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆಯಲು 27-25 ಮತಗಳಿಂದ ನಿರ್ಧರಿಸಿದಾಗ ಭಾರತ ಪರವಾಗಿ ಮತ ಹಾಕಿತು. ಜಮ್ಮುವಿನ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ಔಷಧಕ್ಕಾಗಿ ಗಾಂಜಾ ಬೆಳೆದು ಅಧ್ಯಯನ ನಡೆದಿದೆ. 2025ರ ಜನವರಿಯಲ್ಲಿ ಹಿಮಾಚಲ ಪ್ರದೇಶ ಸಂಪುಟ ನಿಯಂತ್ರಿತ ಕೃಷಿಯ ಪ್ರಾಯೋಗಿಕ ಅಧ್ಯಯನಕ್ಕೆ ಒಪ್ಪಿತು. ಇವೆಲ್ಲ ನಡೆಯಲಿ. ಆಘಾತದ ಕಾಯಿಲೆಯ ಮೇಲೂ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಸರಿಯಾದ ಪರೀಕ್ಷೆ ನಡೆಯಲಿ. ಆದರೆ ಆ ಪರೀಕ್ಷೆ ನಮ್ಮ ಅಡುಗೆಮನೆಯಲ್ಲಿ, ನಮ್ಮ ಯಜಮಾನರ ಮೇಲೆ ನಡೆಯುವುದು ಬೇಡ.

ಪರಿಹಾರದ ಪಟ್ಟಿಯಲ್ಲಿ ಇಲ್ಲದ ಕಾಲಂ

ನಮ್ಮವರು ಬಾಟಲಿಯ ಕಡೆ ಹೋಗುತ್ತಿರುವುದು ಏಕೆ ಎಂದು ಕೇಳಿಕೊಂಡರೆ ಉತ್ತರ ಬೇರೆ ಕಡೆ ಸಿಗುತ್ತದೆ. ಎಲ್‌ಜಿ ಪಾಲಿಮರ್ಸ್ ದುರಂತದ ನಂತರ ರಾಜ್ಯ ಸರ್ಕಾರ ಪ್ರಕಟಿಸಿದ ಪರಿಹಾರ ನೆನಪಿಸಿಕೊಳ್ಳಿ. ಸತ್ತವರ ಕುಟುಂಬಕ್ಕೆ 1 ಕೋಟಿ, ವೆಂಟಿಲೇಟರ್‌ನಲ್ಲಿದ್ದವರಿಗೆ 10 ಲಕ್ಷ, ಆಸ್ಪತ್ರೆಯಲ್ಲಿ ಉಳಿದವರಿಗೆ 1 ಲಕ್ಷ, ಪ್ರಾಥಮಿಕ ಚಿಕಿತ್ಸೆ ಪಡೆದವರಿಗೆ 25,000, ಸುತ್ತಲ ಹಳ್ಳಿಗಳ ಪ್ರತಿಯೊಬ್ಬರಿಗೂ 10,000 ರೂಪಾಯಿ. ಉದಾರವಾದ ಪಟ್ಟಿಯೇ, ಅನುಮಾನವಿಲ್ಲ. ಆದರೆ ಅದು ಅಳೆದದ್ದು ಉಸಿರನ್ನು ಮತ್ತು ಹಾಸಿಗೆಯ ದಿನಗಳನ್ನು. ನಿದ್ದೆಗೆ ಅದರಲ್ಲಿ ಕಾಲಂ ಇರಲಿಲ್ಲ. ಕಾರ್ಖಾನೆ ಅಪಘಾತಗಳ ಪರಿಹಾರವೂ ಇದೇ ಕ್ರಮದಲ್ಲಿ ನಡೆಯುತ್ತದೆ. ಚೆಕ್ಕು ನಮ್ಮ ಕೌಂಟರಿಗೆ ಬರುತ್ತದೆ, ನಿಶ್ಚಿತ ಠೇವಣಿಯಾಗುತ್ತದೆ, ಕಡತ ಮುಚ್ಚುತ್ತದೆ.

ಹೀಗೆಯೇ ಆಗಬೇಕೆಂದೇನೂ ಇಲ್ಲ. ಭೋಪಾಲದ 1984ರ ಅನಿಲ ದುರಂತದ ನಂತರ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಮನಸ್ಸಿನ ಗಾಯ ಗುರುತಿಸುವ ತರಬೇತಿ ಕೊಟ್ಟಿದ್ದರು. ದಾರಿ ತೋರಿಸಿದವರು ನಮ್ಮ ನಾಡಿನ ಸಂಸ್ಥೆಯವರೇ ಎಂಬುದು ಹೆಮ್ಮೆಯ ಸಂಗತಿ. ಅಪಘಾತ ನಡೆದ ಪ್ರತಿ ಕಾರ್ಖಾನೆಯೂ ಬದುಕುಳಿದವರನ್ನು ಮೂರು ತಿಂಗಳಿಗೊಮ್ಮೆ ಮನೋವೈದ್ಯರಿಗೆ ತೋರಿಸುವ ವ್ಯವಸ್ಥೆ ಮಾಡಬೇಕು ಎಂದು ಕಾರ್ಮಿಕ ಸಂಘಗಳು ಕೇಳಬೇಕಾದ ಕಾಲ ಬಂದಿದೆ.

ಸಾಬೀತಾದ ಮದ್ದು ಏನು?

ಆಘಾತದ ಕಾಯಿಲೆಗೆ ಅತ್ಯಂತ ಬಲವಾದ ಆಧಾರವಿರುವುದು ಮಾತಿನ ಚಿಕಿತ್ಸೆಗೆ. ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ವಾರಕ್ಕೊಮ್ಮೆಯಂತೆ ಕೂರಿಸಿ, ದೂರ ತಳ್ಳಿದ ನೆನಪನ್ನು ಸುರಕ್ಷಿತವಾಗಿ ಹತ್ತಿರ ತಂದು, ‘ಎಲ್ಲವೂ ನನ್ನಿಂದಲೇ ಆಯಿತು’ ಎಂಬಂಥ ಯೋಚನೆಯನ್ನು ಪರಿಶೀಲಿಸುವಂತೆ ಮಾಡುತ್ತಾರೆ. ಇಂಥ ಒಂದು ಪದ್ಧತಿಗೆ ಸಾಮಾನ್ಯವಾಗಿ 12 ಭೇಟಿಗಳು. ಕೊನೆಯಿಲ್ಲದ ಓವರ್‌ಡ್ರಾಫ್ಟ್ ಅಲ್ಲ, ಕಂತು ಮುಗಿಯುವ ಸಾಲ. ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್‌ನಂಥ ಮಾತ್ರೆಗಳೂ ನೆರವಾಗುತ್ತವೆ. ಇವನ್ನು ವೈದ್ಯರೇ ಬರೆಯಬೇಕು, ನಿಲ್ಲಿಸುವುದೂ ಅವರು ಹೇಳಿದಂತೆ ನಿಧಾನವಾಗಿಯೇ. ಮೆಡಿಕಲ್ ಷಾಪಿನವರನ್ನು ಕೇಳಿ ವರ್ಷಗಟ್ಟಲೆ ನುಂಗುವ ನಿದ್ದೆ ಮಾತ್ರೆಗಳನ್ನು ಮಾತ್ರ ಅದೇ ಅಮೆರಿಕದ ಮಾರ್ಗಸೂಚಿ ಗಾಂಜಾದಂತೆಯೇ ಬೇಡವೆಂದಿದೆ.

ವಿಶಾಖಪಟ್ಟಣದಲ್ಲೇ ಸರ್ಕಾರಿ ಮಾನಸಿಕ ಚಿಕಿತ್ಸಾಲಯವಿದೆ, ಕಿಂಗ್ ಜಾರ್ಜ್ ಆಸ್ಪತ್ರೆಯಿದೆ. ಆದರೆ ನಮ್ಮ ಹಿರಿಯರಿಗೆ ತರಕಾರಿ ಕೊಳ್ಳಲು ಸಾಲುವ ತೆಲುಗು, ದುಃಖ ಹೇಳಿಕೊಳ್ಳಲು ಸಾಲುವುದಿಲ್ಲ. ಅಂಥವರಿಗೆ 2022ರ ಅಕ್ಟೋಬರ್ 10ರಂದು ಬೆಂಗಳೂರಿನ ನಿಮ್ಹಾನ್ಸ್‌ನಿಂದ ಆರಂಭವಾದ ಟೆಲಿ ಮಾನಸ್ ದೊಡ್ಡ ಉಪಕಾರ. 14416ಕ್ಕೆ ಕರೆ ಮಾಡಿದರೆ ದಿನದ 24 ಗಂಟೆಯೂ ಉಚಿತವಾಗಿ ಮಾತಾಡಬಹುದು, ಕನ್ನಡವನ್ನು ಆರಿಸಿಕೊಳ್ಳಬಹುದು.

ಖರ್ಚಿನ ಮಾತೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ಆರೋಗ್ಯ ವಿಮೆ ಕೊಡಬೇಕು ಎಂದು ಅದರ 21ನೇ ಕಲಮು ಹೇಳುತ್ತದೆ. ಮನೆಯಲ್ಲಿರುವ ಪಾಲಿಸಿ ತೆಗೆದು ಓದಿ, ಏಜೆಂಟರನ್ನು ಬರಹದಲ್ಲಿ ಕೇಳಿ. ಬಾಟಲಿಗೆ ಸುರಿಯುವ ಹಣಕ್ಕೆ ಯಾವ ವಿಮೆಯೂ ಇಲ್ಲ.

ಸಂಘಗಳ ಪಾಲಿನ ಕೆಲಸ

ನಮ್ಮ ಸಂಘಗಳು ರಾಜ್ಯೋತ್ಸವ, ಯುಗಾದಿ, ದಾಸರ ಪದಗಳ ಸ್ಪರ್ಧೆ ಎಲ್ಲವನ್ನೂ ಅಚ್ಚುಕಟ್ಟಾಗಿ ನಡೆಸುತ್ತವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ತಪಾಸಣಾ ಶಿಬಿರಗಳೂ ಆಗುತ್ತವೆ. ಮುಂದಿನ ಶಿಬಿರದಲ್ಲಿ ಒಂದು ಮೇಜು ಮನೋವೈದ್ಯರಿಗೂ ಇರಲಿ. ಫಲಕದ ಮೇಲೆ ‘ಮಾನಸಿಕ’ ಎಂದು ಬರೆದರೆ ಯಾರೂ ಹತ್ತಿರ ಬರುವುದಿಲ್ಲ ಎಂಬ ಅಂಜಿಕೆ ಇದ್ದರೆ ‘ನಿದ್ದೆ ತಪಾಸಣೆ’ ಎಂದು ಬರೆಯಿರಿ. ಬಂದವರಿಗೆ ತೆಲುಗು ವೈದ್ಯರ ಮಾತನ್ನು ಕನ್ನಡದಲ್ಲಿ ಹೇಳಲು, ವೈದ್ಯರಿಗೆ ಅವರ ಕನ್ನಡವನ್ನು ತಲುಪಿಸಲು ಎರಡೂ ಭಾಷೆ ಬಲ್ಲ ಇಬ್ಬರು ಸದಸ್ಯರು ಸಿಕ್ಕರೆ ಸಾಕು. ಕೇಳಿದ್ದನ್ನು ಹೊರಗೆ ಆಡದವರಾಗಿರಬೇಕು, ಅಷ್ಟೇ.

ಮನೆಯವರು ಮಾಡಬೇಕಾದದ್ದೂ ಇದೆ. ಯಾರಾದರೂ ಈಗಾಗಲೇ ಎಣ್ಣೆ ಬಳಸುತ್ತಿದ್ದರೆ ಗದರಿಸಿ ಬಾಟಲಿ ಒಗೆಯಬೇಡಿ. ಬಾಟಲಿಯನ್ನೂ ಹಳೆಯ ಮಾತ್ರೆ ಚೀಟಿಯನ್ನೂ ಒಟ್ಟಿಗೆ ಹಿಡಿದು ವೈದ್ಯರ ಬಳಿ ಕರೆದೊಯ್ಯಿರಿ. ಮುಚ್ಚಿಟ್ಟು ಕುಡಿದ ಮದ್ದು ಎಲ್ಲಕ್ಕಿಂತ ಅಪಾಯಕಾರಿ. ಬದುಕು ಸಾಕು ಎಂಬ ಮಾತು ಅವರ ಬಾಯಿಂದ ಬಂದರೆ ಶಿಬಿರಕ್ಕೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಗಾಂಜಾ ಔಷಧವೋ ಅಲ್ಲವೋ ಎಂಬ ಚರ್ಚೆ ಪ್ರಪಂಚದಲ್ಲಿ ಇನ್ನೂ ಹಲವು ವರ್ಷ ನಡೆಯಲಿದೆ. ನಾಳೆ ಸರಿಯಾದ ಪರೀಕ್ಷೆಯಲ್ಲಿ ಅದು ಗೆದ್ದು ವೈದ್ಯರ ಚೀಟಿಯಲ್ಲಿ ಬಂದರೆ ತೆಗೆದುಕೊಳ್ಳಲು ನಮಗೇನೂ ಅಡ್ಡಿಯಿಲ್ಲ. ಅಲ್ಲಿಯವರೆಗೆ, ಇಪ್ಪತ್ತು ವರ್ಷದಿಂದ ನಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತು ಹಾಡು ಕೇಳಿ ಎದ್ದು ಹೋಗುವ ಸದಸ್ಯರನ್ನು ‘ರಾತ್ರಿ ನಿದ್ದೆ ಬರುತ್ತದೆಯೇ?’ ಎಂದು ಕೇಳಲು ಯಾವ ಪರವಾನಗಿಯೂ ಬೇಕಿಲ್ಲ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲು ಜಾಗ ಸಿಗಲಿ ಎಂಬುದು ಈ ಬರಹದ ವಿನಂತಿ.